ಬೈಬಲ್, ಮತಪತ್ರ ಮತ್ತು ಶ್ವೇತಭವನ: ಅಮೆರಿಕದ ಇವ್ಯಾಂಜೆಲಿಕಲ್ ಮತದಾರರ ಲೆಕ್ಕಾಚಾರ

ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಬೆನ್ನಲ್ಲೇ ಪ್ರಕಟವಾಗುವ ಮತಗಟ್ಟೆ ಸಮೀಕ್ಷೆಗಳಲ್ಲಿ ಒಂದು ಅಂಕಿ ಎರಡು ದಶಕಗಳಿಂದ ಹೆಚ್ಚು ಕದಲಿಲ್ಲ. 2004ರಿಂದ 2024ರವರೆಗಿನ ಆರು ಚುನಾವಣೆಗಳಲ್ಲಿಯೂ ಬಿಳಿಯ ಇವ್ಯಾಂಜೆಲಿಕಲ್ ಕ್ರೈಸ್ತರಲ್ಲಿ ನಾಲ್ವರಿಗೆ ಮೂವರು, ಕೆಲವೊಮ್ಮೆ ಐವರಿಗೆ ನಾಲ್ವರು, ರಿಪಬ್ಲಿಕನ್ ಅಭ್ಯರ್ಥಿಗೇ ಮತ ನೀಡಿದ್ದಾರೆ. ಆದರೆ ಆ ಅಭ್ಯರ್ಥಿಗಳ ನಡುವೆ ಇದ್ದ ಅಂತರ ಅಷ್ಟಿಷ್ಟಲ್ಲ. ಜಾರ್ಜ್ ಡಬ್ಲ್ಯು. ಬುಷ್ ತಮ್ಮ ಹೃದಯವನ್ನು ಕ್ರಿಸ್ತನೇ ಬದಲಿಸಿದನೆಂದು 1999ರ ಡಿಸೆಂಬರಿನ ಚರ್ಚಾಗೋಷ್ಠಿಯಲ್ಲಿ ಬಹಿರಂಗವಾಗಿ ಹೇಳಿದ್ದವರು. ಜಾನ್ ಮೆಕೇನ್ 2000ನೇ ಇಸವಿಯಲ್ಲಿ ಇದೇ ಸಮುದಾಯದ ಇಬ್ಬರು ಹಿರಿಯ ಪ್ರಚಾರಕರನ್ನು ಅಸಹಿಷ್ಣುತೆಯ ಪ್ರತಿನಿಧಿಗಳೆಂದು ಜರೆದಿದ್ದವರು. ಮಿಟ್ ರಾಮ್ನಿ ಮಾರ್ಮನ್ ಪಂಥದವರು. ಅನೇಕ ಇವ್ಯಾಂಜೆಲಿಕಲ್ ಬೋಧಕರ ದೃಷ್ಟಿಯಲ್ಲಿ ಅದು ಕ್ರೈಸ್ತಮತವೇ ಅಲ್ಲ. ಡೊನಾಲ್ಡ್ ಟ್ರಂಪ್ ಮೂರು ಬಾರಿ ಮದುವೆಯಾದ, ಜೂಜುಕೇಂದ್ರಗಳನ್ನು ನಡೆಸಿದ ಉದ್ಯಮಿ. ಮತಗಳ ಪ್ರಮಾಣ ಮಾತ್ರ ಹೆಚ್ಚುಕಡಿಮೆ ಅಷ್ಟೇ.

ಈ ಮತದಾರರು ಏನನ್ನು ಕಂಡು ಮತ ಹಾಕುತ್ತಾರೆ ಎಂಬ ಪ್ರಶ್ನೆ ಅಮೆರಿಕದ ಪತ್ರಕರ್ತರನ್ನು ಕಾಡಿದಷ್ಟೇ ಆ ಸಮುದಾಯದ ಒಳಗಿನವರನ್ನೂ ಕಾಡಿದೆ. ಮನೆಗಳಲ್ಲಿ, ಚರ್ಚುಗಳಲ್ಲಿ, ದೇವತಾಶಾಸ್ತ್ರದ ಕಾಲೇಜುಗಳಲ್ಲಿ ಈ ಕುರಿತು ನಡೆದ ಜಗಳಗಳು ಹಲವರ ಸ್ನೇಹವನ್ನೂ ಕೆಲವರ ಹುದ್ದೆಯನ್ನೂ ಕಿತ್ತುಕೊಂಡಿವೆ.

ಯಾರಿವರು?

ಇವ್ಯಾಂಜೆಲಿಕಲ್ ಎಂಬುದು ಒಂದು ಚರ್ಚಿನ ಹೆಸರಲ್ಲ. ಸುವಾರ್ತೆ ಎಂಬ ಅರ್ಥದ ಗ್ರೀಕ್ ಪದದಿಂದ ಬಂದ ಈ ಶಬ್ದ ಪ್ರಾಟೆಸ್ಟೆಂಟ್ ಕ್ರೈಸ್ತರಲ್ಲಿ ಹಲವು ಪಂಗಡಗಳಿಗೆ ಹಬ್ಬಿದ ಒಂದು ಧೋರಣೆಯನ್ನು ಸೂಚಿಸುತ್ತದೆ. ಬ್ರಿಟನ್ನಿನ ಇತಿಹಾಸಕಾರ ಡೇವಿಡ್ ಬೆಬಿಂಗ್ಟನ್ 1989ರಲ್ಲಿ ಇದಕ್ಕೆ ನಾಲ್ಕು ಲಕ್ಷಣಗಳನ್ನು ಗುರುತಿಸಿದರು: ಬೈಬಲ್ಲೇ ಪರಮ ಪ್ರಮಾಣ, ಶಿಲುಬೆಯ ಮೇಲಿನ ಕ್ರಿಸ್ತನ ಮರಣವೇ ಮುಕ್ತಿಯ ಆಧಾರ, ಪ್ರತಿಯೊಬ್ಬನೂ ಮನಃಪರಿವರ್ತನೆಯಿಂದ ಹೊಸದಾಗಿ ಹುಟ್ಟಬೇಕು, ನಂಬಿಕೆಯನ್ನು ಕೃತಿಯಲ್ಲಿ ತೋರಿಸಬೇಕು. ಬ್ಯಾಪ್ಟಿಸ್ಟರು, ಪೆಂಟೆಕೋಸ್ಟಲರು, ಪ್ರೆಸ್ಬಿಟೇರಿಯನ್ನರಲ್ಲಿ ಕೆಲವರು, ಯಾವ ಪಂಗಡಕ್ಕೂ ಸೇರದ ದೊಡ್ಡ ದೊಡ್ಡ ಸ್ವತಂತ್ರ ಚರ್ಚುಗಳವರು ಎಲ್ಲರೂ ಈ ಕೊಡೆಯಡಿ ಬರುತ್ತಾರೆ. ಇವರಿಗೆ ಪೋಪ್ ಇಲ್ಲ, ಒಬ್ಬ ಮುಖ್ಯಸ್ಥನೂ ಇಲ್ಲ. ಅಮೆರಿಕದ ಅತಿ ದೊಡ್ಡ ಪ್ರಾಟೆಸ್ಟೆಂಟ್ ಸಂಘಟನೆಯಾದ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಕೂಡ ಸ್ಥಳೀಯ ಚರ್ಚುಗಳಿಗೆ ಆದೇಶ ನೀಡುವಂತಿಲ್ಲ. ವರ್ಷಕ್ಕೊಮ್ಮೆ ನಿರ್ಣಯ ಅಂಗೀಕರಿಸಬಹುದು, ಅಷ್ಟೇ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಸಮೀಕ್ಷೆಗಳು ಇವ್ಯಾಂಜೆಲಿಕಲ್ ಮತವೆಂದು ತೋರಿಸುವುದು ಬಹುತೇಕ ಬಿಳಿಯರ ಮತವನ್ನು. ಕಪ್ಪುಜನರ ಚರ್ಚುಗಳಲ್ಲಿ ಬೈಬಲ್ಲಿನ ಬಗೆಗಾಗಲಿ, ಹೊಸ ಹುಟ್ಟಿನ ಬಗೆಗಾಗಲಿ ನಂಬಿಕೆ ಬೇರೆಯೇನಲ್ಲ. ಆದರೂ ಅವರಲ್ಲಿ ಬಹುದೊಡ್ಡ ಪಾಲು ಡೆಮಾಕ್ರಟಿಕ್ ಪಕ್ಷಕ್ಕೆ ಮತ ನೀಡುತ್ತ ಬಂದಿದೆ. ಒಂದೇ ಗ್ರಂಥ, ಒಂದೇ ಸ್ತೋತ್ರ, ಎದುರುಬದುರಾದ ಎರಡು ಮತ. ಹಾಗಾಗಿ ಎಲ್ಲವನ್ನೂ ದೇವತಾಶಾಸ್ತ್ರದಿಂದಲೇ ವಿವರಿಸಹೊರಟವರು ಇಲ್ಲಿ ಎಡವುತ್ತಾರೆ. ಸದರ್ನ್ ಬ್ಯಾಪ್ಟಿಸ್ಟರ ಸಂಘಟನೆ 1845ರಲ್ಲಿ ಉತ್ತರದವರಿಂದ ಬೇರೆಯಾದದ್ದೇ ಗುಲಾಮಗಿರಿಯ ಪ್ರಶ್ನೆಯ ಮೇಲೆ ಎಂಬುದನ್ನು ಮರೆಯುವಂತಿಲ್ಲ.

ರಾಜಕೀಯ ವೈರಾಗ್ಯ, ನಂತರ ಪ್ರವೇಶ

ಇಪ್ಪತ್ತನೇ ಶತಮಾನದ ಬಹುಭಾಗ ಈ ಸಮುದಾಯ ರಾಜಕೀಯದಿಂದ ಒಂದು ಮಾರು ದೂರವೇ ಇತ್ತು. 1925ರಲ್ಲಿ ಟೆನೆಸಿ ರಾಜ್ಯದ ಡೇಟನ್ ಪಟ್ಟಣದಲ್ಲಿ ವಿಕಾಸವಾದ ಬೋಧಿಸಿದ ಶಿಕ್ಷಕ ಜಾನ್ ಸ್ಕೋಪ್ಸ್ ವಿರುದ್ಧ ನಡೆದ ವಿಚಾರಣೆಯಲ್ಲಿ ಬೈಬಲ್ ಪರವಾಗಿ ನಿಂತವರು ವಿಲಿಯಂ ಜೆನ್ನಿಂಗ್ಸ್ ಬ್ರಯನ್. ಮೂರು ಬಾರಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಿ ಮೂರು ಬಾರಿಯೂ ಸೋತಿದ್ದ ಧೀಮಂತ ವಾಗ್ಮಿ. ಮೊಕದ್ದಮೆಯಲ್ಲಿ ಗೆದ್ದರೂ ದೇಶದ ಪತ್ರಿಕೆಗಳ ಮುಂದೆ ಅವರ ಪಕ್ಷ ನಗೆಪಾಟಲಾಯಿತು. ಆ ಬಳಿಕ ಸಂಪ್ರದಾಯನಿಷ್ಠರು ತಮ್ಮದೇ ಕಾಲೇಜು, ರೇಡಿಯೊ, ಪ್ರಕಾಶನಗಳನ್ನು ಕಟ್ಟಿಕೊಳ್ಳುವತ್ತ ಗಮನ ಹರಿಸಿದರು. 1942ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಅಸೋಸಿಯೇಷನ್ ಆಫ್ ಇವ್ಯಾಂಜೆಲಿಕಲ್ಸ್, 1956ರಲ್ಲಿ ಬಿಲ್ಲಿ ಗ್ರಹಾಂ ಮುಂದಾಳುತನದಲ್ಲಿ ಆರಂಭವಾದ ಕ್ರಿಶ್ಚಿಯಾನಿಟಿ ಟುಡೇ ಪತ್ರಿಕೆ ಈ ಕಾಲದವು.

1960ರಲ್ಲಿ ಕ್ಯಾಥೊಲಿಕ್ ಆಗಿದ್ದ ಜಾನ್ ಎಫ್. ಕೆನಡಿ ಸ್ಪರ್ಧಿಸಿದಾಗ ಪ್ರಾಟೆಸ್ಟೆಂಟ್ ಪಾದ್ರಿಗಳಿಗಿದ್ದ ಆತಂಕ ಇಂದಿನದಕ್ಕೆ ತದ್ವಿರುದ್ಧವಾದುದು: ಶ್ವೇತಭವನ ವ್ಯಾಟಿಕನ್ನಿನ ಮಾತು ಕೇಳೀತೇ ಎಂಬುದು. ಕೆನಡಿ ಅದೇ ಸೆಪ್ಟೆಂಬರ್ 12ರಂದು ಹ್ಯೂಸ್ಟನ್ನಿನ ಪಾದ್ರಿಗಳ ಸಂಘದ ಮುಂದೆ ನಿಂತು, ಮತ ಮತ್ತು ಪ್ರಭುತ್ವ ಸಂಪೂರ್ಣವಾಗಿ ಬೇರೆಯಿರಬೇಕೆಂಬುದು ತಮ್ಮ ನಂಬಿಕೆಯೆಂದು ಸಾರಬೇಕಾಯಿತು. ಆಗ ಆ ಮಾತಿಗೆ ತಲೆದೂಗಿದ ವರ್ಗವೇ ಮುಂದೆ ಆ ಗೋಡೆ ಅತಿಯಾಯಿತೆಂದು ದೂರತೊಡಗಿತು. 1962 ಮತ್ತು 1963ರ ಸುಪ್ರೀಂ ಕೋರ್ಟ್ ತೀರ್ಪುಗಳು ಸರ್ಕಾರಿ ಶಾಲೆಗಳಲ್ಲಿ ಅಧಿಕೃತ ಪ್ರಾರ್ಥನೆ ಹಾಗೂ ಬೈಬಲ್ ಪಠಣವನ್ನು ನಿಲ್ಲಿಸಿದ್ದವು.

ಜಿಮ್ಮಿ ಕಾರ್ಟರ್ 1976ರಲ್ಲಿ ತಾವು ಹೊಸದಾಗಿ ಹುಟ್ಟಿದ ಕ್ರೈಸ್ತರೆಂದು ಹೇಳಿಕೊಂಡಾಗ ರಾಜಧಾನಿಯ ವರದಿಗಾರರಲ್ಲಿ ಹಲವರಿಗೆ ಆ ಮಾತಿನ ಅರ್ಥವೇ ಆಗಲಿಲ್ಲ. ನ್ಯೂಸ್‌ವೀಕ್ ಅದನ್ನು ಇವ್ಯಾಂಜೆಲಿಕಲ್ ವರ್ಷವೆಂದು ಕರೆಯಿತು. ರವಿವಾರದ ಶಾಲೆಯಲ್ಲಿ ಮಕ್ಕಳಿಗೂ ಹಿರಿಯರಿಗೂ ಬೈಬಲ್ ಪಾಠ ಹೇಳುತ್ತಿದ್ದ ಈ ಬ್ಯಾಪ್ಟಿಸ್ಟನನ್ನು ನಾಲ್ಕೇ ವರ್ಷಗಳಲ್ಲಿ ಅವರ ಧರ್ಮಬಾಂಧವರೇ ಕೈಬಿಟ್ಟರು. ಅವರ ಬದಲಿಗೆ ಆರಿಸಿಕೊಂಡದ್ದು ವಿಚ್ಛೇದಿತ, ಹಾಲಿವುಡ್ ನಟ, 1967ರಲ್ಲಿ ಕ್ಯಾಲಿಫೋರ್ನಿಯಾ ಗವರ್ನರ್ ಆಗಿ ಗರ್ಭಪಾತದ ಕಾನೂನನ್ನು ಸಡಿಲಗೊಳಿಸಿದ್ದ ರೊನಾಲ್ಡ್ ರೇಗನ್ ಅವರನ್ನು. 2016ರಲ್ಲಿ ನಡೆದದ್ದು ಹಿಂದೆಂದೂ ಕಾಣದ್ದು ಎನ್ನುವವರು 1980ನ್ನು ಒಮ್ಮೆ ನೆನೆಯುವುದು ಒಳಿತು.

ಗರ್ಭಪಾತವೋ, ಶಾಲೆಯೋ?

ಈ ಪ್ರವೇಶಕ್ಕೆ ಕಾರಣವೇನೆಂಬುದರ ಬಗ್ಗೆ ಎರಡು ಕಥನಗಳಿವೆ. ಚಳವಳಿಯವರು ಹೇಳುವ ಕಥನ ಸರಳ: 1973ರ ಜನವರಿ 22ರಂದು ರೋ ವಿರುದ್ಧ ವೇಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗರ್ಭಪಾತವನ್ನು ಸಾಂವಿಧಾನಿಕ ಹಕ್ಕೆಂದು ಘೋಷಿಸಿತು, ಕ್ರೈಸ್ತರ ಆತ್ಮಸಾಕ್ಷಿ ಎಚ್ಚೆತ್ತಿತು. ಇತಿಹಾಸಕಾರ ರ‍್ಯಾಂಡಲ್ ಬಾಮರ್ ಇದನ್ನು ಒಪ್ಪುವುದಿಲ್ಲ. ಸದರ್ನ್ ಬ್ಯಾಪ್ಟಿಸ್ಟರು 1971ರಲ್ಲಿ ಅಂಗೀಕರಿಸಿದ ನಿರ್ಣಯವು ಅತ್ಯಾಚಾರ, ಭ್ರೂಣದ ತೀವ್ರ ಊನ, ತಾಯಿಯ ದೈಹಿಕ ಹಾಗೂ ಮಾನಸಿಕ ಆರೋಗ್ಯಕ್ಕೆ ಧಕ್ಕೆ ಮುಂತಾದ ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಅವಕಾಶವಿರಲಿ ಎಂದಿತ್ತು. ಆಗ ಇದನ್ನು ಕ್ಯಾಥೊಲಿಕರ ವಿಷಯವೆಂದೇ ಹೆಚ್ಚಿನವರು ಭಾವಿಸಿದ್ದರು. ಬಾಮರ್ ಪ್ರಕಾರ ನಿಜವಾದ ಕಿಡಿ ಹೊತ್ತಿದ್ದು ವರ್ಣಭೇದ ಪಾಲಿಸುವ ಖಾಸಗಿ ಕ್ರೈಸ್ತ ಶಾಲೆಗಳ ತೆರಿಗೆ ವಿನಾಯಿತಿಯನ್ನು ಕೇಂದ್ರ ತೆರಿಗೆ ಇಲಾಖೆ ಹಿಂಪಡೆಯಲು ಹೊರಟಾಗ. ದಕ್ಷಿಣ ಕೆರೊಲಿನಾದ ಬಾಬ್ ಜೋನ್ಸ್ ವಿಶ್ವವಿದ್ಯಾಲಯದ ಪ್ರಕರಣ 1983ರವರೆಗೂ ನಡೆದು, ಸುಪ್ರೀಂ ಕೋರ್ಟಿನಲ್ಲಿ 8–1ರ ಬಹುಮತದಿಂದ ಸರ್ಕಾರದ ಪರವಾಗಿ ಇತ್ಯರ್ಥವಾಯಿತು.

ಬಾಮರ್ ವಾದಕ್ಕೆ ಟೀಕಾಕಾರರೂ ಇದ್ದಾರೆ. ನಾಯಕರನ್ನು ಒಗ್ಗೂಡಿಸಿದ ಕಾರಣವೇ ಸಾಮಾನ್ಯ ಭಕ್ತರನ್ನು ಮತಗಟ್ಟೆಗೆ ಕರೆತಂದಿರಬೇಕೆಂದೇನಿಲ್ಲ. 1970ರ ದಶಕದ ಕೊನೆಗೆ ಫ್ರಾನ್ಸಿಸ್ ಶೇಫರ್ ಮತ್ತು ಶಸ್ತ್ರವೈದ್ಯ ಸಿ. ಎವರೆಟ್ ಕೂಪ್ ಚಲನಚಿತ್ರ ಹಾಗೂ ಪುಸ್ತಕದ ಮೂಲಕ ಗರ್ಭಪಾತದ ವಿರುದ್ಧ ನಡೆಸಿದ ಪ್ರಚಾರ ಚರ್ಚುಗಳ ಒಳಗೆ ಆಳವಾಗಿ ಇಳಿದದ್ದಂತೂ ನಿಜ. ನಾಯಕರಿಗೆ ಶಾಲೆ, ಜನರಿಗೆ ಶಿಶು ಎಂದು ಎರಡನ್ನೂ ಒಪ್ಪಿಕೊಂಡರೆ ದಾಖಲೆಗಳಿಗೆ ಹೆಚ್ಚು ಹೊಂದುತ್ತದೆ.

ವರ್ಜೀನಿಯಾದ ಲಿಂಚ್‌ಬರ್ಗ್ ಪಟ್ಟಣದ ಪಾದ್ರಿ ಜೆರ್ರಿ ಫಾಲ್ವೆಲ್ 1979ರಲ್ಲಿ ಮಾರಲ್ ಮೆಜಾರಿಟಿ ಸಂಘಟನೆ ಆರಂಭಿಸಿದರು. ಕಪ್ಪುಜನರ ಹಕ್ಕುಗಳಿಗಾಗಿ ಬೀದಿಗಿಳಿದ ಪಾದ್ರಿಗಳನ್ನು 1965ರಲ್ಲಿ ಟೀಕಿಸುತ್ತ, ಬೋಧಕರ ಕೆಲಸ ರಾಜಕೀಯವಲ್ಲ, ಆತ್ಮಗಳನ್ನು ಗೆಲ್ಲುವುದು ಎಂದು ಉಪದೇಶಿಸಿದ್ದವರೂ ಇವರೇ. 1980ರ ಆಗಸ್ಟಿನಲ್ಲಿ ಡಲ್ಲಾಸ್ ನಗರದಲ್ಲಿ ಸೇರಿದ ಸಾವಿರಾರು ಪಾದ್ರಿಗಳಿಗೆ ರೇಗನ್, ನೀವು ನನ್ನನ್ನು ಬೆಂಬಲಿಸುವಂತಿಲ್ಲ, ಆದರೆ ನಾನು ನಿಮ್ಮನ್ನು ಬೆಂಬಲಿಸುತ್ತೇನೆ ಎಂಬರ್ಥದ ಮಾತು ಹೇಳಿ ಸಭೆಯನ್ನು ಗೆದ್ದರು. ಆದರೆ ಗೆದ್ದ ಮರುವರ್ಷವೇ ಅವರು ಸುಪ್ರೀಂ ಕೋರ್ಟಿಗೆ ನೇಮಿಸಿದ ಸ್ಯಾಂಡ್ರಾ ಡೇ ಒ'ಕಾನರ್ 1992ರಲ್ಲಿ ರೋ ತೀರ್ಪಿನ ತಿರುಳನ್ನು ಉಳಿಸಿದವರಲ್ಲಿ ಒಬ್ಬರಾದರು. ಈ ನಿರಾಶೆ ಒಂದು ಪಾಠ ಕಲಿಸಿತು: ಅಭ್ಯರ್ಥಿಯ ಭಾಷಣ ಕೇಳಿದರೆ ಸಾಲದು, ನ್ಯಾಯಮೂರ್ತಿಗಳ ಹೆಸರನ್ನೇ ಮುಂಗಡವಾಗಿ ಕೇಳಬೇಕು.

ಮತದಾರರ ಕೈಪಿಡಿಯ ಕಾಲ

ದೂರದರ್ಶನ ಪ್ರಚಾರಕ ಪ್ಯಾಟ್ ರಾಬರ್ಟ್‌ಸನ್ 1988ರಲ್ಲಿ ತಾವೇ ಕಣಕ್ಕಿಳಿದರು. ಅಯೋವಾ ರಾಜ್ಯದ ಪಕ್ಷಸಭೆಗಳಲ್ಲಿ ಅಂದಿನ ಉಪಾಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯು. ಬುಷ್ ಅವರನ್ನೇ ಹಿಂದಿಕ್ಕಿ ಎರಡನೇ ಸ್ಥಾನ ಪಡೆದು ಎಲ್ಲರನ್ನೂ ಬೆರಗುಗೊಳಿಸಿದರೂ ಮುಂದೆ ಸಾಗಲಾಗಲಿಲ್ಲ. ಸೋಲಿನಿಂದ ಹುಟ್ಟಿದ್ದು 1989ರ ಕ್ರಿಶ್ಚಿಯನ್ ಕೊಯಲಿಷನ್. ಅದರ ಯುವ ನಿರ್ದೇಶಕ ರಾಲ್ಫ್ ರೀಡ್ ಅಭ್ಯರ್ಥಿಗಳ ನಿಲುವುಗಳನ್ನು ಎದುರುಬದುರು ಅಚ್ಚು ಹಾಕಿದ ಕೈಪಿಡಿಗಳನ್ನು ಮತದಾನಕ್ಕೆ ಮುಂಚಿನ ಭಾನುವಾರಗಳಲ್ಲಿ ಚರ್ಚುಗಳಿಗೆ ತಲುಪಿಸುವ ವ್ಯವಸ್ಥೆ ಮಾಡಿದರು. ಇಂಥವರಿಗೆ ಮತ ಹಾಕಿ ಎಂದು ಅದರಲ್ಲಿ ಎಲ್ಲಿಯೂ ಬರೆದಿರುತ್ತಿರಲಿಲ್ಲ. ಬರೆಯುವ ಅಗತ್ಯವೂ ಇರುತ್ತಿರಲಿಲ್ಲ.

ಈ ಜಾಣ್ಮೆಗೆ ಕಾರಣ ಒಂದು ಕಾನೂನು. ಸೆನೆಟರ್ ಲಿಂಡನ್ ಜಾನ್ಸನ್ 1954ರಲ್ಲಿ ತಂದ ತಿದ್ದುಪಡಿಯಂತೆ ತೆರಿಗೆ ವಿನಾಯಿತಿ ಪಡೆದ ಸಂಸ್ಥೆಗಳು ಯಾವುದೇ ಅಭ್ಯರ್ಥಿಯ ಪರ ಅಥವಾ ವಿರುದ್ಧ ಪ್ರಚಾರ ಮಾಡುವಂತಿಲ್ಲ. ಚರ್ಚುಗಳೂ ಇದರಡಿ ಬರುತ್ತವೆ. ಜಾರಿ ಮಾತ್ರ ಬಹಳ ಅಪರೂಪ. 2025ರ ಜುಲೈಯಲ್ಲಿ ತೆರಿಗೆ ಇಲಾಖೆಯೇ ಟೆಕ್ಸಾಸ್‌ನ ನ್ಯಾಯಾಲಯವೊಂದಕ್ಕೆ ಸಲ್ಲಿಸಿದ ಹೇಳಿಕೆಯಲ್ಲಿ, ಆರಾಧನೆಯ ಸಂದರ್ಭದಲ್ಲಿ ತನ್ನ ಸಭೆಯವರನ್ನು ಉದ್ದೇಶಿಸಿ ಚರ್ಚು ಆಡುವ ಮಾತಿಗೆ ಈ ನಿಷೇಧ ಅನ್ವಯಿಸದು ಎಂಬ ನಿಲುವು ತಳೆಯಿತು.

ಕೈಪಿಡಿ ರಾಜಕಾರಣ ಉತ್ತುಂಗಕ್ಕೇರಿದ್ದು 2004ರಲ್ಲಿ. ಮ್ಯಾಸಚೂಸೆಟ್ಸ್ ನ್ಯಾಯಾಲಯದ ತೀರ್ಪಿನಿಂದ ಆ ವರ್ಷದ ಮೇ ತಿಂಗಳಲ್ಲಿ ಸಲಿಂಗ ವಿವಾಹಗಳು ಆರಂಭವಾಗಿದ್ದವು. ನವೆಂಬರ್ ಚುನಾವಣೆಯ ದಿನ 11 ರಾಜ್ಯಗಳಲ್ಲಿ ಅದನ್ನು ನಿಷೇಧಿಸುವ ಪ್ರಸ್ತಾವಗಳೂ ಮತಪತ್ರದಲ್ಲಿದ್ದವು, ಹನ್ನೊಂದೂ ಗೆದ್ದವು. ಅವುಗಳಲ್ಲಿ ಒಂದಾದ ಓಹಿಯೊದಲ್ಲಿ ಬುಷ್ ಸುಮಾರು 1.18 ಲಕ್ಷ ಮತಗಳ ಅಂತರದಿಂದ ಗೆದ್ದರು, ಅದರೊಂದಿಗೆ ಅಧ್ಯಕ್ಷ ಪದವಿಯನ್ನೂ. ಆ ಪ್ರಸ್ತಾವವೇ ಅವರನ್ನು ಗೆಲ್ಲಿಸಿತೇ ಎಂಬ ಬಗ್ಗೆ ರಾಜಕೀಯ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ.

ಚಾರಿತ್ರ್ಯದ ಪ್ರಶ್ನೆ

ಬಿಲ್ ಕ್ಲಿಂಟನ್ ಹಗರಣದ ಕಾಲದಲ್ಲಿ, 1998ರಲ್ಲಿ, ಸದರ್ನ್ ಬ್ಯಾಪ್ಟಿಸ್ಟರು ಸಾರ್ವಜನಿಕ ಅಧಿಕಾರಿಗಳ ನೈತಿಕ ಚಾರಿತ್ರ್ಯದ ಕುರಿತು ನಿರ್ಣಯವೊಂದನ್ನು ಅಂಗೀಕರಿಸಿದರು. ನಾಯಕರ ಗಂಭೀರ ತಪ್ಪುಗಳನ್ನು ಸಹಿಸಿಕೊಂಡರೆ ಸಮಾಜದ ಆತ್ಮಸಾಕ್ಷಿಯೇ ಮರಗಟ್ಟುತ್ತದೆ ಎಂಬುದು ಅದರ ಸಾರ. 2016ರಲ್ಲಿ ಈ ನಿರ್ಣಯವನ್ನು ಮತ್ತೆ ಮತ್ತೆ ಎತ್ತಿ ತೋರಿಸಿದವರು ವಿರೋಧಿಗಳಲ್ಲ, ಅದೇ ಸಂಘಟನೆಯ ಸಾರ್ವಜನಿಕ ನೀತಿ ವಿಭಾಗದ ಮುಖ್ಯಸ್ಥರಾಗಿದ್ದ ರಸೆಲ್ ಮೂರ್ ಮತ್ತು ಅವರ ಜೊತೆಯವರು.

ಜನಾಭಿಪ್ರಾಯ ಮಾತ್ರ ಬೇರೆ ದಿಕ್ಕಿಗೆ ಹೊರಳಿತ್ತು. ಪಿಆರ್‌ಆರ್‌ಐ ಸಂಸ್ಥೆಯ ಸಮೀಕ್ಷೆಯಂತೆ, ಖಾಸಗಿ ಬದುಕಿನಲ್ಲಿ ಅನೈತಿಕವಾಗಿ ನಡೆದುಕೊಂಡವರೂ ಸಾರ್ವಜನಿಕ ಕರ್ತವ್ಯವನ್ನು ಸರಿಯಾಗಿ ನಿರ್ವಹಿಸಬಲ್ಲರು ಎಂದು 2011ರಲ್ಲಿ ಒಪ್ಪಿದ್ದ ಬಿಳಿಯ ಇವ್ಯಾಂಜೆಲಿಕಲರು ಶೇ 30ರಷ್ಟು. 2016ರಲ್ಲಿ ಅದು ಶೇ 72. ಐದು ವರ್ಷಗಳಲ್ಲಿ ಧರ್ಮಗ್ರಂಥ ಬದಲಾಗಿರಲಿಲ್ಲ; ಅಭ್ಯರ್ಥಿ ಬದಲಾಗಿದ್ದರು.

ಬೆಂಬಲಿಗರೆಲ್ಲ ಒಂದೇ ತರ್ಕ ಮುಂದಿಟ್ಟರೆಂದಲ್ಲ. ಬಹುಮಂದಿಯದು ಎರಡು ಕೆಡುಕುಗಳಲ್ಲಿ ಕಡಿಮೆಯದನ್ನು ಆರಿಸುವ ವಾದ. 2016ರ ಫೆಬ್ರುವರಿಯಲ್ಲಿ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ನಿಧನರಾಗಿ ಸುಪ್ರೀಂ ಕೋರ್ಟಿನಲ್ಲಿ ಸ್ಥಾನ ಖಾಲಿಯಿತ್ತು. ಟ್ರಂಪ್ ತಾವು ನೇಮಿಸಬಹುದಾದವರ ಪಟ್ಟಿಯನ್ನೇ ಮೇ ತಿಂಗಳಲ್ಲಿ ಪ್ರಕಟಿಸಿದರು. ಇವ್ಯಾಂಜೆಲಿಕಲ್ ಆದ ಮೈಕ್ ಪೆನ್ಸ್ ಅವರನ್ನು ಜೊತೆಗಾರರನ್ನಾಗಿ ಆರಿಸಿಕೊಂಡರು. ಲಿಬರ್ಟಿ ವಿಶ್ವವಿದ್ಯಾಲಯದಲ್ಲಿ ಬೈಬಲ್ ಪುಸ್ತಕವೊಂದರ ಹೆಸರನ್ನು ಅವರು ತಪ್ಪಾಗಿ ಉಚ್ಚರಿಸಿದ್ದನ್ನು ಕೇಳಿ ವಿದ್ಯಾರ್ಥಿಗಳು ನಕ್ಕರೂ, ಪಟ್ಟಿಯಲ್ಲಿ ಉಚ್ಚಾರದೋಷ ಇರಲಿಲ್ಲ. ತಮಗೆ ಬೇಕಿರುವುದು ಪಾದ್ರಿಯಲ್ಲ, ಕಾವಲುಗಾರ ಎಂದವರು ಹಲವರು.

ಇನ್ನೊಂದು ವಾದ ಪ್ರವಾದಿಗಳ ಭಾಷೆಯದು. ಯೆಶಾಯನ ಗ್ರಂಥದ 45ನೇ ಅಧ್ಯಾಯದಲ್ಲಿ ಪರ್ಷಿಯದ ಅರಸ ಕೋರೆಷ, ಇಸ್ರೇಲಿನ ದೇವರನ್ನು ಅರಿಯದವನಾದರೂ, ದೇವಜನರ ಬಿಡುಗಡೆಗೆ ದೇವರು ಆರಿಸಿಕೊಂಡ ಸಾಧನವಾಗುತ್ತಾನೆ. ಲಾನ್ಸ್ ವಾಲ್ನಾವ್ ಎಂಬ ಪ್ರಚಾರಕ ಇದನ್ನು ಟ್ರಂಪ್ ಅವರಿಗೆ ಅನ್ವಯಿಸಿದರು. ಅವರು 45ನೇ ಅಧ್ಯಕ್ಷರಾದದ್ದು ನಂಬುವವರಿಗೆ ಇನ್ನಷ್ಟು ಪುಷ್ಟಿ ಕೊಟ್ಟಿತು. ಪೆಂಟೆಕೋಸ್ಟಲ್ ವಲಯಗಳಲ್ಲಿ ಇದು ಜನಪ್ರಿಯವಾದರೆ, ಹಳೆಯ ಬ್ಯಾಪ್ಟಿಸ್ಟ್ ಪಂಡಿತರು ಇಂಥ ಹೋಲಿಕೆಗೆ ಮೂಗು ಮುರಿದರು. ದೇವರು ಯಾರನ್ನಾದರೂ ಬಳಸಿಕೊಳ್ಳಬಹುದು ಎಂಬುದರಿಂದ ಯಾರಿಗಾದರೂ ಮತ ಹಾಕಬಹುದು ಎಂದು ಸಿದ್ಧವಾಗುವುದಿಲ್ಲವಷ್ಟೆ.

ಒಳಗಿನ ತೊಳಲಾಟಕ್ಕೆ ದೇವತಾಶಾಸ್ತ್ರಜ್ಞ ವೇಯ್ನ್ ಗ್ರೂಡಮ್ ಅವರ ಉದಾಹರಣೆಗಿಂತ ಉತ್ತಮವಾದುದು ಸಿಗದು. 2016ರ ಜುಲೈಯಲ್ಲಿ ಟ್ರಂಪ್ ಅವರಿಗೆ ಮತ ನೀಡುವುದು ನೈತಿಕವಾಗಿಯೇ ಒಳ್ಳೆಯ ಆಯ್ಕೆ ಎಂದು ದೀರ್ಘವಾಗಿ ಬರೆದ ಅವರು, ಅಕ್ಟೋಬರಿನಲ್ಲಿ ಮಹಿಳೆಯರ ಕುರಿತ ಅಶ್ಲೀಲ ಮಾತಿನ ಧ್ವನಿಮುದ್ರಿಕೆ ಹೊರಬಿದ್ದಾಗ ಆ ಬರಹವನ್ನು ಹಿಂತೆಗೆದುಕೊಂಡರು. ಕೆಲವೇ ದಿನಗಳಲ್ಲಿ, ನೀತಿಗಳನ್ನು ನೋಡಿ ಮತ ಹಾಕಿ ಎಂದು ಮತ್ತೆ ಬೆಂಬಲಕ್ಕೆ ನಿಂತರು. ಸದರ್ನ್ ಬ್ಯಾಪ್ಟಿಸ್ಟ್ ದೇವತಾಶಾಸ್ತ್ರ ಕಾಲೇಜಿನ ಅಧ್ಯಕ್ಷ ಆಲ್ಬರ್ಟ್ ಮೋಹ್ಲರ್ 2016ರಲ್ಲಿ ವಿರೋಧಿಸಿ 2020ರಲ್ಲಿ ಬೆಂಬಲಿಸಿದರು. ಗರ್ಭಪಾತವನ್ನು ಕಟುವಾಗಿ ವಿರೋಧಿಸುವ ಬೋಧಕ ಜಾನ್ ಪೈಪರ್ 2020ರ ಅಕ್ಟೋಬರಿನಲ್ಲಿ, ನಾಯಕನ ಅಹಂಕಾರ ಹಾಗೂ ದುರ್ನಡತೆಯೂ ಕೆಟ್ಟ ನೀತಿಗಳಷ್ಟೇ ದೇಶಕ್ಕೆ ಮಾರಕವೆಂದು ಬರೆದರು. ಅದಕ್ಕೂ ಮುಂಚೆ, 2019ರ ಡಿಸೆಂಬರಿನಲ್ಲಿ, ಕ್ರಿಶ್ಚಿಯಾನಿಟಿ ಟುಡೇ ಸಂಪಾದಕ ಮಾರ್ಕ್ ಗಾಲಿ ಟ್ರಂಪ್ ಪದಚ್ಯುತಿಗೆ ಕರೆ ನೀಡಿ ಸಂಪಾದಕೀಯ ಬರೆದಿದ್ದರು. ಮೂರ್ 2021ರಲ್ಲಿ ತಮ್ಮ ಹುದ್ದೆ ತೊರೆದರು. ಮರುವರ್ಷ ಅದೇ ಪತ್ರಿಕೆಯ ಪ್ರಧಾನ ಸಂಪಾದಕರಾದರು. ಇವರೆಲ್ಲರ ಮಾತಿನಿಂದ ಮತಗಟ್ಟೆಯಲ್ಲಿ ಆದ ವ್ಯತ್ಯಾಸ ಅತ್ಯಲ್ಪ. ಪೀಠದಿಂದ ಕೆಳಗೆ ಕುಳಿತವರಿಗೆ ದಾರಿ ತೋರುತ್ತಿದ್ದುದು ಪಾದ್ರಿಯ ಅರ್ಧ ಗಂಟೆಯ ಪ್ರವಚನವೇ, ವಾರವಿಡೀ ನೋಡುವ ಸುದ್ದಿವಾಹಿನಿಯೇ ಎಂಬ ಚರ್ಚೆ ಅಲ್ಲಿನ ಚರ್ಚುಗಳಲ್ಲಿ ಇನ್ನೂ ಮುಗಿದಿಲ್ಲ.

ಇಸ್ರೇಲ್ ಕುರಿತ ನಿಲುವೂ ಈ ಲೆಕ್ಕದಲ್ಲಿ ಸೇರಿದೆ. ಯೆಹೂದ್ಯರ ಮರಳುವಿಕೆಯನ್ನು ಅಂತ್ಯಕಾಲದ ಭವಿಷ್ಯವಾಣಿಗಳೊಂದಿಗೆ ಜೋಡಿಸುವ ಪಂಥದವರಿಗೆ ಜೆರುಸಲೇಂ ಬರೀ ವಿದೇಶಾಂಗ ನೀತಿಯ ವಿಷಯವಲ್ಲ. 2018ರ ಮೇ ತಿಂಗಳಲ್ಲಿ ಅಮೆರಿಕದ ರಾಯಭಾರ ಕಚೇರಿ ಅಲ್ಲಿಗೆ ಸ್ಥಳಾಂತರಗೊಂಡಾಗ ಪ್ರಾರ್ಥನೆ ಸಲ್ಲಿಸಿದವರು ಡಲ್ಲಾಸ್‌ನ ರಾಬರ್ಟ್ ಜೆಫ್ರೆಸ್ ಮತ್ತು ಸ್ಯಾನ್ ಆಂಟೊನಿಯೊದ ಜಾನ್ ಹೇಗಿ ಎಂಬ ಇಬ್ಬರು ಟೆಕ್ಸಾಸ್ ಪಾದ್ರಿಗಳು.

ಗೆಲುವಿನ ನಂತರದ ಬಿಕ್ಕಟ್ಟು

ನೀಲ್ ಗೋರ್ಸಚ್, ಬ್ರೆಟ್ ಕವನಾ, ಏಮಿ ಕೋನಿ ಬ್ಯಾರೆಟ್: ಮೊದಲ ಅವಧಿಯಲ್ಲಿ ಟ್ರಂಪ್ ನೇಮಿಸಿದ ಮೂವರೂ 2022ರ ಜೂನ್ 24ರಂದು ರೋ ತೀರ್ಪನ್ನು ರದ್ದುಪಡಿಸಿದ ಬಹುಮತದಲ್ಲಿದ್ದರು. 49 ವರ್ಷಗಳ ಗುರಿ ಈಡೇರಿತು. ಕೊಟ್ಟ ಮತಕ್ಕೆ ಪ್ರತಿಫಲ ಸಿಕ್ಕಿತೆಂದು ಹೇಳುವ ಹಕ್ಕು ಬೆಂಬಲಿಗರಿಗೆ ಅಂದು ಖಂಡಿತ ಇತ್ತು.

ಆದರೆ ವಿಷಯ ನ್ಯಾಯಾಲಯದಿಂದ ಜನರ ಮುಂದೆ ಬಂದಾಗ ಸೋಲುಗಳು ಎದುರಾದವು. ಸಂಪ್ರದಾಯಸ್ಥ ಕ್ಯಾನ್ಸಸ್‌ನಲ್ಲಿ 2022ರ ಆಗಸ್ಟಿನಲ್ಲಿ, ಕೆಂಟಕಿಯಲ್ಲಿ ನವೆಂಬರಿನಲ್ಲಿ, ಓಹಿಯೊದಲ್ಲಿ 2023ರಲ್ಲಿ ಮತದಾರರು ಗರ್ಭಪಾತ ವಿರೋಧಿಗಳ ಇಚ್ಛೆಗೆ ವಿರುದ್ಧವಾಗಿ ತೀರ್ಪಿತ್ತರು. ಟ್ರಂಪ್ ಗಾಳಿ ಬೀಸುವ ದಿಕ್ಕನ್ನು ಬೇಗ ಗ್ರಹಿಸಿದರು. 2024ರ ಏಪ್ರಿಲಿನಲ್ಲಿ ವಿಷಯವನ್ನು ರಾಜ್ಯಗಳಿಗೇ ಬಿಡಬೇಕೆಂದರು. ಜುಲೈಯ ಪಕ್ಷ ಪ್ರಣಾಳಿಕೆಯಿಂದ ಹಲವು ದಶಕಗಳಿಂದ ಇದ್ದ ರಾಷ್ಟ್ರವ್ಯಾಪಿ ರಕ್ಷಣೆಯ ಬೇಡಿಕೆ ಮಾಯವಾಯಿತು. ಪೆನ್ಸ್ ಇದನ್ನು ಬಹಿರಂಗವಾಗಿ ಟೀಕಿಸಿದರು. ಅದೇ ಜೂನ್‌ನಲ್ಲಿ ಸದರ್ನ್ ಬ್ಯಾಪ್ಟಿಸ್ಟರು ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಭ್ರೂಣಗಳು ನಾಶವಾಗುವ ಬಗ್ಗೆ ಕಳವಳದ ನಿರ್ಣಯ ಮಾಡಿದ್ದರೆ, ಆಗಸ್ಟಿನಲ್ಲಿ ಟ್ರಂಪ್ ಆ ಚಿಕಿತ್ಸೆಯ ವೆಚ್ಚವನ್ನು ಸರ್ಕಾರ ಅಥವಾ ವಿಮಾ ಕಂಪನಿಗಳೇ ಭರಿಸುವಂತೆ ಮಾಡುವುದಾಗಿ ಭರವಸೆ ಕೊಟ್ಟರು. ನವೆಂಬರಿನಲ್ಲಿ ಅವರಿಗೆ ಸಿಕ್ಕ ಇವ್ಯಾಂಜೆಲಿಕಲ್ ಮತ ಮತ್ತೆ ಹತ್ತರಲ್ಲಿ ಎಂಟು.

ನೀತಿಗಾಗಿ ಚಾರಿತ್ರ್ಯವನ್ನು ಸಹಿಸಿಕೊಳ್ಳುತ್ತೇವೆ ಎಂದಿದ್ದವರು ನೀತಿಯೂ ಸಡಿಲಗೊಂಡಾಗ ಏನು ಹೇಳುತ್ತಾರೆ? ಎದುರು ಪಕ್ಷದ ನಿಲುವು ಇನ್ನೂ ದೂರವಿದೆ ಎಂಬುದು ಅವರ ಉತ್ತರ, ಅದು ಸುಳ್ಳೂ ಅಲ್ಲ. ಆದರೆ ಬೇರೆಡೆಗೆ ಹೋಗಲಾರದ ಮತದಾರನ ಜೊತೆ ಚೌಕಾಶಿ ಮಾಡುವ ಅಗತ್ಯ ಯಾವ ಪಕ್ಷಕ್ಕೂ ಇರುವುದಿಲ್ಲ. ಡೆಮಾಕ್ರಟಿಕ್ ಪಕ್ಷದೊಂದಿಗೆ ಕಪ್ಪುಜನರ ಚರ್ಚುಗಳಿಗೆ ಇರುವ ದೂರೂ ಹಲವೊಮ್ಮೆ ಇದೇ. ಯಾವ ಪಕ್ಷದಲ್ಲಿಯೂ ಕ್ರೈಸ್ತರು ಪೂರ್ತಿ ಹೊಂದಿಕೊಳ್ಳಲಾರರು ಎಂದು ನ್ಯೂಯಾರ್ಕಿನ ಪಾದ್ರಿ ಟಿಮ್ ಕೆಲರ್ 2018ರಲ್ಲಿಯೇ ಬರೆದಿದ್ದರು. 2023ರಲ್ಲಿ ಅವರು ತೀರಿಕೊಂಡರು.

ಅಯೋವಾದ ಪಕ್ಷಸಭೆಗಳಲ್ಲಿಯೂ ಈ ಬದಲಾವಣೆ ಕಾಣುತ್ತದೆ. 2008ರಲ್ಲಿ ಮೈಕ್ ಹಕಬಿ, 2012ರಲ್ಲಿ ರಿಕ್ ಸ್ಯಾಂಟೋರಮ್, 2016ರಲ್ಲಿ ಟೆಡ್ ಕ್ರೂಸ್ ಹೀಗೆ ಧರ್ಮಶ್ರದ್ಧೆಯನ್ನು ಮುಂದಿಟ್ಟವರೇ ಅಲ್ಲಿ ಗೆಲ್ಲುತ್ತಿದ್ದರು. ಯಾರಿಗೂ ಪಕ್ಷದ ಟಿಕೆಟ್ ಸಿಗಲಿಲ್ಲ ಎಂಬುದು ಬೇರೆ ಮಾತು. 2024ರಲ್ಲಿ ರಾಜ್ಯದ ಪ್ರಭಾವಿ ಇವ್ಯಾಂಜೆಲಿಕಲ್ ಮುಖಂಡ ಬಾಬ್ ವ್ಯಾಂಡರ್ ಪ್ಲಾಟ್ಸ್ ಫ್ಲಾರಿಡಾ ಗವರ್ನರ್ ರಾನ್ ಡಿಸ್ಯಾಂಟಿಸ್ ಅವರನ್ನು ಬೆಂಬಲಿಸಿದರೂ ಟ್ರಂಪ್ ಶೇ 51ರಷ್ಟು ಮತ ಪಡೆದರು. ಅದೇ ಕಣದಲ್ಲಿದ್ದ ಭಾರತ ಮೂಲದ ವಿವೇಕ್ ರಾಮಸ್ವಾಮಿ ಹಿಂದೂ ಆಗಿ ಕ್ರೈಸ್ತ ದೇಶವನ್ನು ಹೇಗೆ ಪ್ರತಿನಿಧಿಸುವಿರಿ ಎಂಬ ಪ್ರಶ್ನೆಯನ್ನು ಸಭೆಗಳಲ್ಲಿ ಎದುರಿಸಿದರು. ಒಬ್ಬನೇ ನಿಜ ದೇವರೆಂದು ತಾವು ನಂಬುವುದಾಗಿಯೂ ಆತನೇ ಪ್ರತಿಯೊಬ್ಬರಿಗೂ ಒಂದೊಂದು ಕಾರಣಕ್ಕೆ ಜನ್ಮ ಕೊಟ್ಟಿರುವುದಾಗಿಯೂ ಅವರು ವಿವರಿಸುತ್ತಿದ್ದ ರೀತಿ ಅಯೋವಾದ ಕಿವಿಗೆ ಹೊಂದುವಂತೆಯೇ ಇತ್ತು. ಅಲ್ಲಿ ನಾಲ್ಕನೆಯವರಾಗಿ ಅದೇ ರಾತ್ರಿ ಸ್ಪರ್ಧೆಯಿಂದ ಹಿಂದೆ ಸರಿದರು.

ಸಮುದಾಯದ ಗಾತ್ರವೂ ಕುಗ್ಗಿದೆ. ಪಿಆರ್‌ಆರ್‌ಐ ಲೆಕ್ಕದಂತೆ 2006ರಲ್ಲಿ ಅಮೆರಿಕದ ಜನಸಂಖ್ಯೆಯಲ್ಲಿ ಬಿಳಿಯ ಇವ್ಯಾಂಜೆಲಿಕಲರ ಪಾಲು ಶೇ 23. 2020ರ ಹೊತ್ತಿಗೆ ಅದು ಸುಮಾರು ಶೇ 14ಕ್ಕೆ ಇಳಿದಿತ್ತು. ಮತದಾರರಲ್ಲಿ ಅವರ ಪಾಲು ಇದಕ್ಕಿಂತ ಬಹಳ ಹೆಚ್ಚಾಗಿ ಕಾಣುವುದು ಅವರು ತಪ್ಪದೆ ಮತಗಟ್ಟೆಗೆ ಹೋಗುವುದರಿಂದ. ಇದರ ಜೊತೆಗೆ, ಚರ್ಚಿಗೆ ಅಪರೂಪಕ್ಕೆ ಹೋಗುವವರೂ ತಮ್ಮನ್ನು ಇವ್ಯಾಂಜೆಲಿಕಲ್ ಎಂದು ಕರೆದುಕೊಳ್ಳತೊಡಗಿದ್ದಾರೆ. ನಿಷ್ಠಾವಂತ ಭಕ್ತರಲ್ಲಿ ಕೆಲವರು, ಪದವೇ ಒಂದು ಪಕ್ಷದ ಹೆಸರಾಗಿಬಿಟ್ಟಿತೆಂದು ಅದನ್ನು ಬಿಟ್ಟುಕೊಟ್ಟಿದ್ದಾರೆ.

2025ರ ಜನವರಿ 20ರಂದು ಎರಡನೇ ಬಾರಿ ಅಧಿಕಾರ ಸ್ವೀಕರಿಸಿದ ಟ್ರಂಪ್, ಹಿಂದಿನ ಜುಲೈ 13ರ ಗುಂಡಿನ ದಾಳಿಯಿಂದ ದೇವರೇ ತಮ್ಮನ್ನು ಉಳಿಸಿದನೆಂದು ಹೇಳಿದರು. ಮರುತಿಂಗಳು ಶ್ವೇತಭವನದಲ್ಲಿ ಧಾರ್ಮಿಕ ವ್ಯವಹಾರಗಳ ಕಚೇರಿ ತೆರೆದು ಪ್ರಚಾರಕಿ ಪೌಲಾ ವೈಟ್ ಅವರಿಗೆ ಹೊಣೆ ವಹಿಸಿದರು. ಜೂನ್‌ನಲ್ಲಿ ಡಲ್ಲಾಸ್‌ನಲ್ಲಿ ಸೇರಿದ ಸದರ್ನ್ ಬ್ಯಾಪ್ಟಿಸ್ಟರು ಸಲಿಂಗ ವಿವಾಹವನ್ನು ಮಾನ್ಯ ಮಾಡಿದ 2015ರ ಸುಪ್ರೀಂ ಕೋರ್ಟ್ ತೀರ್ಪನ್ನು ರದ್ದುಗೊಳಿಸಬೇಕೆಂದು ನಿರ್ಣಯಿಸಿದರು. ಆ ತೀರ್ಪನ್ನು ಮರುಪರಿಶೀಲಿಸುವಂತೆ ಕೆಂಟಕಿಯ ಮಾಜಿ ಅಧಿಕಾರಿಯೊಬ್ಬರು ಸಲ್ಲಿಸಿದ್ದ ಅರ್ಜಿಯನ್ನು ಅದೇ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕಾರಣ ನೀಡದೆ ತಳ್ಳಿಹಾಕಿತು.